ಗೋಲಿಗೆ ನೂರು ರೂಪಾಯಿ

ಹೊಗೆಸೊಪ್ಪು ಬೆಳೆಯುವವನನ್ನು ಊರು ಕೇಳುವುದು ಒಂದೇ ಮಾತು: ಕೆ.ಜಿ.ಗೆ ಎಷ್ಟು ಬಿತ್ತು? ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ವರ್ಷಾನುಗಟ್ಟಲೆ ಬೇಲು ಇಟ್ಟುಕೊಂಡು ನಿಂತವನು ನಾನು. ಮೊಮ್ಮಗಳ ಆಟವನ್ನೂ ಹಾಗೇ ತೂಗಿದೆ.

ಹೊಳೆನರಸೀಪುರಕ್ಕೆ ಕೊಟ್ಟ ಮಗಳ ಮಗಳು ಅವಳು. ಏಳನೇ ಕ್ಲಾಸಿನಲ್ಲಿ ಹಾಕಿ ಸ್ಟಿಕ್ ಹಿಡಿದಳು. ನಮ್ಮ ಕಡೆ ಹೆಣ್ಣುಮಕ್ಕಳೆಂದರೆ ಖೊಖೊ, ಥ್ರೋಬಾಲ್. ಹಾಕಿ ಪಕ್ಕದ ಕೊಡಗಿನವರದು. ಅಲ್ಲಿ 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತಂಡಕ್ಕೆ ಆಡುತ್ತಾರೆ. ಅಲ್ಲಿನ ಹಿರಿಯರಿಗೆ ಆಡಿ ಗೊತ್ತು. ನನಗೆ ಟಿ.ವಿ.ಯಲ್ಲಿ ನೋಡಿದಷ್ಟೇ. ಆದರೂ ಹೆಮ್ಮೆಗೆ ಬರವಿರಲಿಲ್ಲ. ಅವಳು ಅಭ್ಯಾಸ ಮಾಡುವುದನ್ನು ನೋಡಲು ಅರಕಲಗೂಡಿನ ಮೇಲೆ ಬಸ್ಸು ಹಿಡಿದು ವಾರಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ಲಂಡನ್, ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ ಎಸ್.ವಿ. ಸುನಿಲ್ ಸೋಮವಾರಪೇಟೆಯವರು, ನಮಗೆ ದೂರವೇನಲ್ಲ. ‘ಅವರ ಥರ ಗೋಲು ಹೊಡೀಬೇಕು ಮಗಾ’ ಎಂದು ಹೋದಾಗಲೆಲ್ಲ ಹೇಳುತ್ತಿದ್ದೆ.

ಅವಳು ಆಡುತ್ತಿದ್ದುದು ಹಿಂದೆ, ಫುಲ್‌ಬ್ಯಾಕ್ ಜಾಗದಲ್ಲಿ. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕರೆ ಗೋಲ್‌ಕೀಪರ್ ಸೇರಿ ಐದೇ ಜನ ಗೋಲಿನ ಗೆರೆಯ ಹಿಂದೆ ನಿಲ್ಲಬೇಕು. ಚೆಂಡು ಒಳಗೆ ಬಂದ ಕೂಡಲೇ ಒಬ್ಬರು, ಹೊಡೆಯುವವಳ ಸ್ಟಿಕ್ಕಿನ ದಾರಿಗೇ ನೇರ ಓಡಬೇಕು. ನಮ್ಮ ತಂಡದಲ್ಲಿ ಹಾಗೆ ಓಡುವವಳು ಇವಳೇ. ಚೆಂಡು ಕಲ್ಲಿನಷ್ಟು ಗಟ್ಟಿ. ಮೊಣಕಾಲು, ತೊಡೆ ನೀಲಿಗಟ್ಟಿರುತ್ತಿತ್ತು. ಅವಳಮ್ಮ ರಾತ್ರಿ ಅರಿಶಿನ ಹಚ್ಚುವಳು. ಹೋದ ದಿನ ಅಲ್ಲೇ ಉಳಿದರೆ ನಾನು ಪಕ್ಕದಲ್ಲೇ ಕೂತು, ‘ಇವತ್ತು ಎಷ್ಟು ಗೋಲು?’ ಅನ್ನುತ್ತಿದ್ದೆ.

‘ನಾನು ಗೋಲ್ ಹೊಡಿಯಲ್ಲ ತಾತ, ತಡೀತೀನಿ.’

ಆ ಮಾತು ನನ್ನ ಕಿವಿಗೆ ಬೀಳಲಿಲ್ಲ. ಟೀ ಅಂಗಡಿಯಲ್ಲಿ ‘ತಡೆದಳು’ ಎಂದರೆ ಯಾರು ಕೇಳುತ್ತಾರೆ ಅನ್ನಿಸಿತ್ತು. ಗೋಲಿಗೆ ನೂರು ರೂಪಾಯಿ ಕೊಡುತ್ತೇನೆ ಎಂದೆ. ಹದಿಮೂರು ವರ್ಷದ ಮಗುವಿಗೆ.

ಚನ್ನರಾಯಪಟ್ಟಣದಲ್ಲಿ ಒಂದು ಸೌಹಾರ್ದ ಪಂದ್ಯ. ಎದುರು ತಂಡ ಹೊಸದು. ಇವಳು ಜಾಗ ಬಿಟ್ಟು ಮುಂದೆ ನುಗ್ಗಿ ಎರಡು ಗೋಲು ಹೊಡೆದಳು. ಅಲ್ಲೇ ಜೇಬಿನಿಂದ ಇನ್ನೂರು ತೆಗೆದು, ಅವಳ ಗೆಳತಿಯರ ಎದುರಿಗೇ ಕೈಗಿಟ್ಟೆ. ಪಿ.ಟಿ. ಮೇಷ್ಟ್ರು ದೂರದಿಂದ ನೋಡಿದರು, ಏನೂ ಅನ್ನಲಿಲ್ಲ. ಊರಿಗೆ ಬಂದು ಒಂದು ಕೆ.ಜಿ. ಮೈಸೂರು ಪಾಕ್ ಹಂಚಿದೆ.

ಮುಂದಿನ ಪಂದ್ಯ ಹಾಸನದಲ್ಲಿ, ಜಿಲ್ಲಾ ಮಟ್ಟದ್ದು. ಗೆದ್ದವರು ಮೈಸೂರು ವಿಭಾಗಕ್ಕೆ. ಒಂದೊಂದು ಗೋಲಿನಿಂದ ಸಮ, ಇನ್ನು ಕೆಲವೇ ನಿಮಿಷ. ‘ಮುಂದೆ ಹೋಗು, ಮುಂದೆ!’ ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಹೋದಳು. ಬಲಗಡೆ ಇವಳದೇ ತಂಡದ ಹುಡುಗಿ ಒಬ್ಬಳೇ ನಿಂತು ಚೆಂಡು ಕೇಳುತ್ತಿದ್ದಳು. ಇವಳು ಕೊಡಲಿಲ್ಲ. ಒಂದು ಸಲ ನಾನು ನಿಂತಿದ್ದ ಕಡೆ ನೋಡಿ, ತಾನೇ ಹೊಡೆಯಲು ಹೋದಳು. ಚೆಂಡು ಕಳಕೊಂಡಳು. ಎದುರಾಳಿಗಳು ಅದನ್ನು ಹಿಡಿದು, ಇವಳು ಬಿಟ್ಟುಬಂದ ಜಾಗದಿಂದಲೇ ನುಗ್ಗಿ ಗೋಲು ಹಾಕಿದರು.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಹೊಳೆನರಸೀಪುರ ಹತ್ತಿರ ಬಂದಾಗ ಬ್ಯಾಗಿನಿಂದ ಇನ್ನೂರು ರೂಪಾಯಿ ತೆಗೆದು ನನ್ನ ತೊಡೆಯ ಮೇಲಿಟ್ಟಳು.

‘ಮೇಷ್ಟ್ರು ಎಲ್ಲಿ ನಿಂತ್ಕೋ ಅಂದಿದ್ರೋ ಅಲ್ಲಿ ನಿಂತಿರ್ಲಿಲ್ಲ ತಾತ.’

ನನ್ನ ಮೇಲೆ ಒಂದು ಮಾತೂ ಹೊರಿಸಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

ಅವತ್ತು ರಾತ್ರಿ ನೆನಪಾಯಿತು. 2021ರ ಆಗಸ್ಟ್ 5ರಂದು ಟೋಕಿಯೊದಲ್ಲಿ ಭಾರತ ಜರ್ಮನಿಯನ್ನು 5-4ರಿಂದ ಸೋಲಿಸಿ, 41 ವರ್ಷಗಳ ಮೇಲೆ ಹಾಕಿಯಲ್ಲಿ ಒಲಿಂಪಿಕ್ ಪದಕ ತಂದಾಗ ಇದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದ್ದೆ. ಇನ್ನು ಆರೇಳು ಸೆಕೆಂಡು ಇರುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್. ನಮ್ಮ ಗೋಲ್‌ಕೀಪರ್ ಶ್ರೀಜೇಶ್ ತಡೆದರು. ನನಗೆ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಅವರು ಗೋಲಿನ ಕಂಬದ ಮೇಲೆ ಹತ್ತಿ ಕೂತಿದ್ದನ್ನು ವಾರವಿಡೀ ಎಲ್ಲರಿಗೂ ಹೇಳಿದ್ದೆ. ತಡೆದವನಿಗೆ ಅಷ್ಟು ಕುಣಿದ ನಾನು, ಮನೆಯಲ್ಲೇ ಮೊಣಕಾಲು ನೀಲಿ ಮಾಡಿಕೊಂಡು ತಡೆಯುತ್ತಿದ್ದ ಮಗುವಿಗೆ ಹೋದಾಗಲೆಲ್ಲ ಗೋಲಿನ ಲೆಕ್ಕ ಕೇಳಿದೆ. ನನಗೆ ಬೇಕಾಗಿದ್ದದ್ದು ಅವಳ ಆಟವಲ್ಲ, ಊರಿನಲ್ಲಿ ಹೇಳಿಕೊಳ್ಳಲು ಒಂದು ಅಂಕಿ. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ.

ವಾರ ಬಿಟ್ಟು ಮೇಷ್ಟ್ರನ್ನು ಕಂಡು ತಪ್ಪಾಯಿತು ಎಂದೆ. ಅವರು ತಮ್ಮ ನೋಟ್‌ಬುಕ್ಕು ತೆರೆದರು. ಆ ಸೀಸನ್ನಿನಲ್ಲಿ ಎದುರಾಳಿಗೆ ಸಿಕ್ಕ ಪೆನಾಲ್ಟಿ ಕಾರ್ನರುಗಳನ್ನೆಲ್ಲ ಗುರುತು ಹಾಕಿಟ್ಟಿದ್ದರು. ಹನ್ನೊಂದು. ಅದರಲ್ಲಿ ಏಳನ್ನು ಇವಳು ಓಡಿಹೋಗಿ ಕೆಡಿಸಿದ್ದಳು. ಆ ಏಳರಲ್ಲಿ ನಾಲ್ಕಕ್ಕೆ ನಾನು ಅದೇ ಮೈದಾನದಲ್ಲಿ ನಿಂತಿದ್ದೆ. ಒಂದೂ ನೆನಪಿಲ್ಲ.

ಎರಡು ತಿಂಗಳು ಅವಳು ಸ್ಟಿಕ್ ಮುಟ್ಟಲಿಲ್ಲ. ಈಗ ಮತ್ತೆ ಹೋಗುತ್ತಿದ್ದಾಳೆ, ಅದೇ ಹಿಂದಿನ ಜಾಗಕ್ಕೆ. ಈ ಸಲದ ಪಂದ್ಯವೂ ಹಾಸನದಲ್ಲೇ, ಬರುವ ಶನಿವಾರ. ‘ನೀನು ಬರ್ಬೇಡ ತಾತ, ನೀನಿದ್ರೆ ನಿನ್ನ ಕಡೆನೇ ನೋಡ್ತೀನಿ’ ಎಂದಿದ್ದಾಳೆ. ನಾನು ಹೋಗುವುದಿಲ್ಲ.