ತರಕಾರಿ ತೋಟದ ಶರತ್ಕಾಲ

ಕೋಲಾರ, ಚಿಕ್ಕಬಳ್ಳಾಪುರದ ಬಯಲಿನಲ್ಲಿ ಹಸ್ತ ಮಳೆಯಿಂದ ವಿಶಾಖೆಯವರೆಗೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ, ಅರ್ಧ ಎಕರೆಯ ತರಕಾರಿ ತೋಟಕ್ಕೂ ಬಿಡುವಿಲ್ಲ. ಪಕ್ಕದ ಹೊಲದ ರಾಗಿಗೆ ಸುಗ್ಗಿ ಒಂದೇ ಸಲ. ತರಕಾರಿಗೆ ದಿನ ಬಿಟ್ಟು ದಿನ.

ಇದಕ್ಕೆ ಕಾರಣ ಗಿಡದ ಸ್ವಭಾವದಲ್ಲೇ ಇದೆ. ಬೆಂಡೆ, ಹೀರೆ, ಸೌತೆ, ಹುರುಳಿಕಾಯಿ ಎಲ್ಲವನ್ನೂ ಎಳೆಯದಾಗಿರುವಾಗಲೇ ಕೀಳಬೇಕು. ಬೀಜ ಬಲಿಯಲು ಬಿಟ್ಟರೆ ಗಿಡದ ಸತ್ವವೆಲ್ಲ ಅದಕ್ಕೇ ಹೋಗಿ ಹೊಸ ಹೂವು ಕಡಿಮೆಯಾಗುತ್ತದೆ. ಒಂದು ಕೊಯ್ಲು ತಪ್ಪಿದರೆ ಮುಂದಿನ ಕೊಯ್ಲಿಗೂ ಪೆಟ್ಟು. ಮೂಲಂಗಿಯೂ ಕಾಯುವುದಿಲ್ಲ, ಸುಮಾರು 45 ದಿನ ದಾಟಿದರೆ ಬೆಂಡಾಗುತ್ತದೆ. ಬಲಿಯಲೆಂದೇ ಬಿಡುವ ಕಾಯಿಗಳು ಎರಡು ಬಗೆ: ಬಿತ್ತನೆಗೆ ಗುರುತು ಮಾಡಿದವು, ಮತ್ತು ಕುಂಬಳ. ಬೂದುಗುಂಬಳ ಆಯುಧಪೂಜೆಗೆ ಮೊದಲೇ ಪೇಟೆ ಸೇರಬೇಕು. ಹಬ್ಬ ಕಳೆದರೆ ಕೇಳುವವರು ಕಡಿಮೆ. ಸಿಹಿಗುಂಬಳಕ್ಕೆ ಆ ಆತುರವಿಲ್ಲ. ತೊಟ್ಟು ಉಳಿಸಿ ಕೊಯ್ದು ಗಾಳಿಯಾಡುವ ಕಡೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಈ ಬಯಲಿಗೆ ವರ್ಷದಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದು ಟೊಮೆಟೊಗೆ ಕಷ್ಟಕಾಲ. ಒಣಗಿದ ನೆಲಕ್ಕೆ ಒಮ್ಮೆಲೇ ನೀರು ಬಿದ್ದರೆ ಹಣ್ಣು ಸೀಳುತ್ತದೆ. ಮೋಡ, ತೇವ, ತಂಪು ಕೂಡಿದರೆ ಅಂಗಮಾರಿ ಎಲೆಯಿಂದ ಎಲೆಗೆ ಹಬ್ಬುತ್ತದೆ. ಅದಕ್ಕೇ ಗಿಡವನ್ನು ಕೋಲಿಗೆ ಕಟ್ಟಿ ಎತ್ತುತ್ತಾರೆ, ನೆಲ ಮುಟ್ಟುವ ಎಲೆ ತೆಗೆಯುತ್ತಾರೆ, ಸಾಲಿನ ನೀರು ಹರಿದುಹೋಗಲು ಕಾಲುವೆ ಬಿಡಿಸುತ್ತಾರೆ. ದೂರದ ಊರಿಗೆ ಹೋಗುವ ಹಣ್ಣನ್ನು ದೋರುಗಾಯಿಯಲ್ಲೇ ಬಿಡಿಸಿ, ಒಡೆದದ್ದನ್ನು ಬೇರೆ ಮಾಡಿ, ಕೋಲಾರದ ಮಂಡಿಗೆ 15 ಕಿಲೋ ಬಾಕ್ಸುಗಳಲ್ಲಿ ತುಂಬುತ್ತಾರೆ. ಕೊತ್ತಂಬರಿಯನ್ನು ಬೇರು ಸಮೇತ ಕಿತ್ತು, ಎಲೆಯ ಮೇಲಿನ ನೀರು ಆರಿದ ಮೇಲೆ ಕಟ್ಟು ಕಟ್ಟಬೇಕು. ಒದ್ದೆ ಕಟ್ಟು ಬೆಳಗಾಗುವಷ್ಟರಲ್ಲಿ ಕೊಳೆಯುತ್ತದೆ.

ಒಂದು ಕಡೆ ಕೊಯ್ಲು ನಡೆಯುತ್ತಿರುವಾಗಲೇ ಇನ್ನೊಂದು ಕಡೆ ನಾಟಿ. ಕೋಸು, ನವಿಲುಕೋಸಿನ ಬೀಜವನ್ನು ಎತ್ತರದ ಒಟ್ಟಲು ಮಡಿಯಲ್ಲಿ ಚೆಲ್ಲಿ, ಸುಮಾರು ನಾಲ್ಕು ವಾರದ ಸಸಿಯನ್ನು ಕಿತ್ತು ನೆಡುತ್ತಾರೆ. ಕ್ಯಾರೆಟ್, ಬೀಟ್‌ರೂಟ್, ಮೆಂತ್ಯಕ್ಕೆ ಒಟ್ಟಲಿನ ಗೊಡವೆಯಿಲ್ಲ, ನೇರ ಬಿತ್ತನೆ. ಮುಗಿದ ಟೊಮೆಟೊ ಸಾಲಿಗೆ ಬದನೆ, ಮೆಣಸಿನಕಾಯಿ ಹಾಕುವುದಿಲ್ಲ. ಮೂರೂ ಒಂದೇ ಸಸ್ಯ ಕುಟುಂಬದವು. ಮಣ್ಣಿನಲ್ಲಿ ಉಳಿದ ಸೊರಗು ರೋಗ ಅವಕ್ಕೂ ತಗಲುತ್ತದೆ. ಕಿತ್ತ ಗಿಡಗಳಲ್ಲಿ ಆರೋಗ್ಯವಾಗಿದ್ದದ್ದು ತಿಪ್ಪೆಗೆ, ರೋಗದ್ದು ತೋಟದಿಂದ ಆಚೆಗೆ.

ಅವರೆಯ ಲೆಕ್ಕ ಬೇರೆ. ಅದನ್ನು ಮುಂಗಾರಿನಲ್ಲೇ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿತ್ತಿರುತ್ತಾರೆ. ನಾಟಿ ತಳಿ ಹಗಲು ಕಿರಿದಾಗುವವರೆಗೆ ಬಳ್ಳಿಯಾಗಿಯೇ ಬೆಳೆಯುತ್ತದೆ, ಆಮೇಲಷ್ಟೇ ಹೂವು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿಗೆ ಈ ಕಟ್ಟಿಲ್ಲ, ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತವೆ. ಆದರೂ ಇಬ್ಬನಿಯಲ್ಲಿ ಬಲಿತ ಕಾಯಿಯ ಸೊಗಡಿಗೇ ಬೆಲೆ ಹೆಚ್ಚು. ಆ ಕಾಯಿ ಡಿಸೆಂಬರ್‌ನಲ್ಲಿ ಸಂತೆಗೆ ಬರುವ ಹೊತ್ತಿಗೆ ರಾಗಿ ಕೊಯ್ಲು ಮುಗಿದಿರುತ್ತದೆ, ಕೋಸು ಗಡ್ಡೆ ಕಟ್ಟುತ್ತಿರುತ್ತದೆ, ತೋಟ ಮಳೆಯನ್ನು ಬಿಟ್ಟು ಬಾವಿಯ ನೀರಿಗೆ ತಿರುಗಿರುತ್ತದೆ.