ಆರು ಗಂಟೆಯ ಕೀಲಿ

ನಮ್ಮ ತಂದೆಯವರು ಬಿಟ್ಟುಹೋದ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದುದು ಒಂದು ಕೈಗಡಿಯಾರ. ಹೊಲ ಮನೆಗಳ ಹಂಚಿಕೆಯಲ್ಲಿ ನಾವು ಅಣ್ಣತಮ್ಮಂದಿರು ನಾಲ್ಕು ಮಾತು ಹೆಚ್ಚಾಗಿಯೇ ಆಡಿದ್ದುಂಟು. ಗಡಿಯಾರದ ವಿಷಯದಲ್ಲಿ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ. ಅದು ನನಗೇ ಸೇರತಕ್ಕದ್ದೆಂದು ಎಲ್ಲರಿಗೂ ಗೊತ್ತಿತ್ತು.

ಗಡಿಯಾರವೆಂದರೆ ದುಂಡಗಿರಬೇಕೆಂಬುದು ಬಸವಕಲ್ಯಾಣದಲ್ಲಿ ನಮ್ಮ ಓಣಿಯವರ ನಂಬಿಕೆಯಾಗಿತ್ತು. ಇದಾದರೋ ಬೆಂಕಿಪೆಟ್ಟಿಗೆಯನ್ನು ನಿಲ್ಲಿಸಿ ತುಸು ಕುಗ್ಗಿಸಿದಂತೆ ಆಯತಾಕಾರದ್ದು. ಮೈಮೇಲೆ ಚಿನ್ನದ ನೀರು. ಮೂಲೆಗಳಲ್ಲಿ ಅದು ಸವೆದು ಹಿತ್ತಾಳೆ ಇಣುಕಿದೆ. ಕೂದಲಿನಂಥ ಎರಡು ಮುಳ್ಳುಗಳು, ಆರರ ಜಾಗದಲ್ಲಿ ಸೆಕೆಂಡಿನ ಪುಟ್ಟದೊಂದು ಮುಳ್ಳು. ಅಂಗಿಯ ತೋಳಿನ ಗುಂಡಿ ಹಾಕಿದರೆ ಒಳಗೆ ಅಡಗಿ ಕೂಡುವಷ್ಟು ತೆಳು. ಮದುವೆ ಸಮಾರಂಭಗಳಿಗೆ ಕಟ್ಟಿಕೊಳ್ಳಲೆಂದೇ ಮಾಡಿದ್ದು. ಶಾಲಾ ಮಾಸ್ತರರಾಗಿದ್ದ ತಂದೆಯವರು ಅದನ್ನು 1958ರಲ್ಲಿ ಹೈದರಾಬಾದಿನಲ್ಲಿ ಕೊಂಡರು. ನಮ್ಮ ಊರು ‘ಕಲ್ಯಾಣಿ’ ಎಂಬ ಹೆಸರನ್ನು ಕಳಚಿ ‘ಬಸವಕಲ್ಯಾಣ’ವಾಗಿ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಎರಡು ವರ್ಷ. ಹಳೆಯ ರಾಜಧಾನಿಯ ದಾರಿಯೇ ಜನರ ಕಾಲಿಗೆ ರೂಢಿಯಾಗಿತ್ತು. ಬೆಂಗಳೂರಿನಲ್ಲಿ ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ತಯಾರಿಸತೊಡಗಿದ್ದು 1961ರಲ್ಲಿ. ಹೀಗಾಗಿ ಇದು ಸ್ವಿಟ್ಜರ್ಲೆಂಡಿನ ಸರಕು.

ದಿನಕ್ಕೊಮ್ಮೆ ಇದಕ್ಕೆ ಕೀಲಿ ಕೊಡಬೇಕು. ಬದಿಯ ತಿರುಪನ್ನು ತಿರುವಿದಾಗ ಒಳಗಿನ ಉಕ್ಕಿನ ಸುರುಳಿ ಬಿಗಿಯುತ್ತದೆ. ಬಿಗಿದದ್ದು ಬಿಚ್ಚಿಕೊಳ್ಳುವ ಹಟವೇ ಗಡಿಯಾರದ ಶಕ್ತಿ. ಒಮ್ಮೆಲೇ ಬಿಚ್ಚಿಕೊಳ್ಳದಂತೆ ತಡೆದು, ಇಷ್ಟಿಷ್ಟೇ ಬಿಡುವ ಪುಟ್ಟ ಕೊಂಡಿಯೊಂದಿದೆ. ಆ ತಡೆತದ ಸಪ್ಪಳವೇ ನಾವು ಕೇಳುವ ಟಿಕ್ ಟಿಕ್. ಇಂಥ ಹಳೆಯ ಗಡಿಯಾರಗಳಲ್ಲಿ ಸೆಕೆಂಡಿಗೆ ಐದು ಬಾರಿಯಂತೆ ದಿನಕ್ಕೆ 4,32,000 ಬಾರಿ ಅದು ನಡೆಯುತ್ತದೆ. ತಂದೆಯವರು ಪ್ರತಿದಿನ ಬೆಳಿಗ್ಗೆ ಆರಕ್ಕೆ ಸರಿಯಾಗಿ ಗೋಡೆಯ ಮಾಡದಿಂದ ಅದನ್ನು ತೆಗೆದು ಕೀಲಿ ಕೊಡುತ್ತಿದ್ದರು. ಕೈಗೆ ಕಟ್ಟುತ್ತಿದ್ದುದು ವರ್ಷಕ್ಕೆ ಹತ್ತು ಸಲವೋ ಹನ್ನೆರಡು ಸಲವೋ!

ಆಯತಾಕಾರದ ಗಡಿಯಾರಕ್ಕೆ ಚೆಲುವಿದೆ, ಭದ್ರತೆ ಕಡಿಮೆ. ಪ್ಯಾರಿಸ್ಸಿನ ಕಾರ್ಟಿಯೇ 1917ರಲ್ಲಿ ಯುದ್ಧದ ಟ್ಯಾಂಕಿನ ಆಕಾರವನ್ನು ಕಂಡು ಇಂಥದೊಂದನ್ನು ರೂಪಿಸಿದನೆಂದು ಹೇಳುತ್ತಾರೆ. 1931ರಲ್ಲಿ ಬಂದ ‘ರಿವರ್ಸೊ’ ಎಂಬುದರ ಕಥೆಗೆ ನಮ್ಮ ದೇಶದ ನಂಟೇ ಇದೆ: ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯಾಧಿಕಾರಿಗಳು ಪೋಲೋ ಆಡುವಾಗ ಗಾಜು ಒಡೆಯುತ್ತಿದ್ದುದರಿಂದ, ಮುಖವನ್ನು ಒಳಕ್ಕೆ ಮಗುಚಿಡುವಂತೆ ಅದನ್ನು ಮಾಡಿದರಂತೆ. ದುಂಡು ಮುಚ್ಚಳವನ್ನು ತಿರುಚಿ ಎಲ್ಲ ಕಡೆಯಲ್ಲೂ ಸಮನಾಗಿ ಬಿಗಿಯಬಹುದು. ನಾಲ್ಕು ಮೂಲೆಗಳ ಮುಚ್ಚಳಕ್ಕೆ ಆ ಬಿಗಿ ಬರುವುದು ಕಷ್ಟ. ನೀರು ಮೂಲೆಯನ್ನೇ ಹುಡುಕಿಕೊಂಡು ಬರುತ್ತದೆ. ಇದು ನನಗೆ 1974ರಲ್ಲಿ ಗೊತ್ತಿರಲಿಲ್ಲ.

ಆಗ ನಾನು ನಿಮ್ಮಂತೆಯೇ ಒಂಬತ್ತನೆಯ ತರಗತಿಯಲ್ಲಿದ್ದೆ. ತ್ರಿಪುರಾಂತ ಕೆರೆಯಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರಬಲ್ಲರೆಂದು ಗೆಳೆಯರಲ್ಲಿ ಪಂದ್ಯ ಏರ್ಪಟ್ಟಿತು. ಸೆಕೆಂಡು ಎಣಿಸಲು ಗಡಿಯಾರ ಬೇಡವೇ? ಗುರುವಾರ ಸಂಜೆ ಮಾಡದಿಂದ ಅದನ್ನು ಎತ್ತಿಕೊಂಡು ಹೋದೆ. ದಂಡೆಯ ಮೇಲೆ ಕುಳಿತು ಗಂಭೀರನಾಗಿ ತೀರ್ಪು ಕೊಟ್ಟೆ. ಕೊನೆಗೆ “ನೀನೂ ಮುಳುಗು” ಎಂದು ಅವರು ಕೆಣಕಿದಾಗ, ಕೈಯಲ್ಲಿ ಗಡಿಯಾರವಿರುವುದನ್ನೇ ಮರೆತು ಧುಮುಕಿದೆ. ಮೇಲೆ ಬಂದು ನೋಡಿದರೆ ಗಾಜಿನ ಒಳಗೆ ಮಂಜು ಕವಿದಿತ್ತು. ಸೆಕೆಂಡಿನ ಮುಳ್ಳು ನಿಂತಿತ್ತು.

ಮನೆಗೆ ಬಂದವನೇ ಅದನ್ನು ಜೋಳದ ಡಬ್ಬಿಯೊಳಗೆ ಹೂತಿಟ್ಟೆ. ಕಾಳು ತೇವವನ್ನು ಹೀರಿಕೊಳ್ಳುತ್ತದೆಂಬ ಲೆಕ್ಕಾಚಾರ! ಮರುದಿನ ಆರು ಗಂಟೆಗೆ ಅಪ್ಪ ಮಾಡದಲ್ಲಿ ಕೈಯಾಡಿಸಿ, “ಗಡಿಯಾರ ಎಲ್ಲಿ?” ಎಂದರು. “ನಾನು ನೋಡಿಲ್ಲ” ಎಂದೆ. ಶನಿವಾರವೂ ಅದನ್ನೇ ಹೇಳಿದೆ. ಅಂದು ಮಧ್ಯಾಹ್ನ ಹಿಟ್ಟಿನ ಗಿರಣಿಗೆಂದು ಜೋಳ ಅಳೆಯುತ್ತಿದ್ದ ಅವ್ವನ ಸೇರಿಗೆ ಗಡಿಯಾರ ಬಂದಿತು. ಅಪ್ಪ ಅದನ್ನು ಕಿವಿಗೆ ಹಿಡಿದು ನೋಡಿದರು, ನನ್ನನ್ನು ನೋಡಲಿಲ್ಲ. “ನಾಳೆ ಹುಮನಾಬಾದಿಗೆ ಹೋಗುವುದಿದೆ, ನೀನೂ ಬಾ” ಎಂದಷ್ಟೇ ಹೇಳಿದರು. ಎರಡು ಏಟು ಬಿದ್ದಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಹುಮನಾಬಾದಿನಲ್ಲಿ ಒಬ್ಬ ಮುದುಕರು ಗಡಿಯಾರ ರಿಪೇರಿ ಮಾಡುತ್ತಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಚ್ಚಳ ತೆಗೆದು, “ನೀರು ಹೊಕ್ಕದ್ದು ಯಾವಾಗ, ಮಾಸ್ತರ್ ಸಾಹೇಬರೇ?” ಎಂದು ಕೇಳಿದರು. ಅಪ್ಪ ಸುಮ್ಮನಿದ್ದರು. ನಾನೇ “ಗುರುವಾರ” ಎಂದೆ.

“ಅಂದೇ ತಂದಿದ್ದರೆ ಬಿಚ್ಚಿ ಒಣಗಿಸಿ ಎಣ್ಣೆ ಬಿಟ್ಟು ಕೊಡುತ್ತಿದ್ದೆ. ಮೂರು ದಿನಕ್ಕೆ ತುಕ್ಕು ಹಿಡಿದಿದೆ” ಎಂದರು ಅವರು. ಸುರುಳಿಯನ್ನೂ ತಿರುಪಿನ ಕಡ್ಡಿಯನ್ನೂ ಬದಲಿಸಬೇಕಾಯಿತು. ಗಾಜಂತೂ ಸಿಗುವಂತಿರಲಿಲ್ಲ, ಅವರಲ್ಲಿದ್ದವೆಲ್ಲ ದುಂಡು ಗಾಜುಗಳು. ಒಂದು ಪ್ಲಾಸ್ಟಿಕ್ ತುಂಡನ್ನು ಹಿಡಿದು, ನಾಲ್ಕು ಅಂಚುಗಳನ್ನೂ ಅರದಿಂದ ಉಜ್ಜಿ, ಕೂರಿಸಿ ನೋಡಿ, ಮತ್ತೆ ತೆಗೆದು ಉಜ್ಜಿದರು. ಅಂಥ ತಾಳ್ಮೆಯನ್ನು ನಾನು ಅನಂತರ ಕಂಡದ್ದು ಅಪರೂಪ. ಹನ್ನೆರಡರ ಕೆಳಗೆ, ಕಂಪನಿಯ ಹೆಸರಿದ್ದ ಕಡೆ ಎದ್ದಿದ್ದ ಕಂದು ಕಲೆಯನ್ನು ಮಾತ್ರ ಅವರು ಮುಟ್ಟಲಿಲ್ಲ. ಒರೆಸಿದರೆ ಉಳಿದ ಅಕ್ಷರಗಳೂ ಹೋಗುತ್ತವೆ ಎಂದರು. 18 ರೂಪಾಯಿ ಆಯಿತು. ಆ ಮಳೆಗಾಲ ಅಪ್ಪ ಹೊಸ ಕೊಡೆ ಕೊಳ್ಳಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಅವರು ಆಡಿದ್ದು ಒಂದೇ ಮಾತು: “ನಾಳೆಯಿಂದ ಆರು ಗಂಟೆಗೆ ಕೀಲಿ ಕೊಡುವುದು ನಿನ್ನ ಕೆಲಸ.”

ಗುಲಬರ್ಗಾಕ್ಕೆ ಓದಲು ಹೋದ ವರ್ಷಗಳನ್ನು ಬಿಟ್ಟರೆ ಆ ಕೆಲಸ ತಪ್ಪಿಲ್ಲ. ಈ ನಡುವೆ ಜಗತ್ತಿನ ಗಡಿಯಾರಗಳೇ ಬದಲಾದವು. 1969ರಲ್ಲಿ ಜಪಾನಿನ ಸೀಕೊ ಕಂಪನಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದ ಮೇಲೆ ಕೀಲಿಯ ಕಾಲ ಇಳಿಮುಖವಾಯಿತು. ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರವೇ ನಿರ್ಧರಿಸಿತು. ವಿಚಿತ್ರವೆಂದರೆ, ಬಳಸುವವರು ಇಲ್ಲವಾದಾಗ ಸಂಗ್ರಹಿಸುವವರು ಹುಟ್ಟಿಕೊಂಡರು.

ಅಂಥ ತರುಣರೊಬ್ಬರು ಹೋದ ವರ್ಷ ಹೈದರಾಬಾದಿನಿಂದ ನಮ್ಮ ಮನೆಗೆ ಬಂದಿದ್ದರು. ಹೊಳಪು ಕೊಡಿಸದ ಮೈ, ಮತ್ತೆ ಬಣ್ಣ ಬಳಿಸದ ಮುಖ ಇವೇ ತಮಗೆ ಮುಖ್ಯವೆಂದರು. ಹೊಸ ಬಣ್ಣದಿಂದ ಬೆಲೆ ಏರುವುದಿಲ್ಲ, ಇಳಿಯುತ್ತದಂತೆ. ನನ್ನ ಅನುಮತಿ ಪಡೆದು ಮುಚ್ಚಳ ತೆಗೆದು ಕೆಂಪು ಹರಳುಗಳನ್ನು ಎಣಿಸಿದರು; ಹದಿನೇಳಿದ್ದವು. ಒಂದು ಮೊತ್ತವನ್ನು ಹೇಳಿದರು. ನನ್ನ ಹೆಂಡತಿ ಒಳಗಿನಿಂದ ಒಮ್ಮೆ ಇಣುಕಿ ನೋಡುವಷ್ಟು ದೊಡ್ಡ ಮೊತ್ತವೇ ಅದು.

“ಈ ಕಲೆ ಹೇಗಾಯಿತು, ಸರ್?” ಎಂದು ಕೇಳಿದರು.

“ಹಳೆಯದಲ್ಲವೇ, ವಯಸ್ಸಾಗಿದೆ” ಎಂದುಬಿಟ್ಟೆ. ಅವರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ‘ವಯಸ್ಸಿನ ಕಲೆ’ ಎಂದು ಬರೆದುಕೊಂಡರು.

ಅರವತ್ತು ದಾಟಿದ ಮಾಸ್ತರನೊಬ್ಬ ಮತ್ತೆ “ನಾನು ನೋಡಿಲ್ಲ” ಎಂದಂತಾಯಿತು. ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ಕೀಲಿ ಕೊಟ್ಟಾದ ಮೇಲೆ ಕುಳಿತು ಅವರಿಗೊಂದು ಕಾಗದ ಬರೆದೆ: ಅದು ವಯಸ್ಸಿನ ಕಲೆಯಲ್ಲ, ತ್ರಿಪುರಾಂತ ಕೆರೆಯ ನೀರು ಮತ್ತು ಮೂರು ದಿನದ ಜೋಳ, ದಯವಿಟ್ಟು ತಿದ್ದಿಕೊಳ್ಳಿ.

ವಾರದೊಳಗೆ ಉತ್ತರ ಬಂದಿತು. ತಿದ್ದಿಕೊಂಡಿರುವುದಾಗಿ ತಿಳಿಸಿ, ಗಡಿಯಾರವನ್ನು ಕೊಡುವ ಮನಸ್ಸಿದೆಯೇ ಎಂದು ಕೆಳಗೊಂದು ಸಾಲು ಸೇರಿಸಿದ್ದರು. ಆ ಸಾಲಿಗೆ ನಾನಿನ್ನೂ ಉತ್ತರ ಬರೆದಿಲ್ಲ.