ಪಟ್ಟೆ ಬಿಡಿಸಿದ ಪ್ರಸಂಗ

ಮೈಸೂರಿನ ಸರಸ್ವತೀಪುರದಲ್ಲಿ ನಿವೃತ್ತ ಹೆಡ್‌ಮಾಸ್ಟರರೊಬ್ಬರಿದ್ದಾರೆ. ಅವರ ಬಳಿ ೧೯೯೪ರಲ್ಲಿ ಕೊಂಡ ಕೆಂಪು ಬಣ್ಣದ ಮಾರುತಿ ೮೦೦ ಕಾರೊಂದಿದೆ. ಆ ಕಾರಿನ ಎರಡು ಮಗ್ಗುಲಲ್ಲಿಯೂ ಮುಂದಿನ ಚಕ್ರದಿಂದ ಹಿಂದಿನ ದೀಪದವರೆಗೆ ಬಿಳಿಯ ಪಟ್ಟೆಯೊಂದು ಸಾಗಿ, ಕೊನೆಯಲ್ಲಿ ಬೆಂಕಿಯ ನಾಲಗೆಯಂತೆ ಮೂರಾಗಿ ಕವಲೊಡೆದಿದ್ದಿತು. ‘ಇದ್ದಿತು’ ಎಂಬ ಭೂತಕಾಲ ಎಡಮಗ್ಗುಲಿಗೆ ಮಾತ್ರ ಸಲ್ಲುತ್ತದೆ. ಅದರ ಕಾರಣವನ್ನೇ ಇಲ್ಲಿ ಹೇಳಬೇಕಾಗಿದೆ.

ಆ ಪಟ್ಟೆ ಕಾರ್ಖಾನೆಯಿಂದ ಬಂದುದಲ್ಲ. ೧೯೯೮ರಲ್ಲಿ ಹೆಡ್‌ಮಾಸ್ಟರರು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕಾಗಿ ಬೆಂಗಳೂರಿಗೆ ಹೋಗಿದ್ದಾಗ, ಆಗತಾನೆ ಕಾಲೇಜು ಸೇರಿದ್ದ ಮಗ ಸದವಕಾಶವನ್ನು ಬಿಡದೆ ಸ್ಟಿಕರ್ ಅಂಗಡಿಯಲ್ಲಿ ಅದನ್ನು ಅಂಟಿಸಿಕೊಂಡು ಬಂದಿದ್ದನು. ಹಿಂದಿರುಗಿದ ತಂದೆ ಕಾರನ್ನು ಒಂದು ಸುತ್ತು ಬಂದು, “ಇದೇನೋ ಇದು, ಹುಲಿವೇಷವೇ?” ಎಂದವರು ಒಂದು ವಾರ ಮಗನೊಡನೆ ಮಾತನಾಡಲಿಲ್ಲ. ಗೌರವಸ್ಥನ ಕಾರು ಹಾಳಾಯಿತೆಂಬುದು ಅವರ ಕೊರಗು. ಕೆರೆದುಹಾಕುತ್ತೇನೆಂದು ಹಲವು ಸಲ ಗುಡುಗಿದರು, ಕೆರೆಯಲಿಲ್ಲ. ೨೦೦೪ರಲ್ಲಿ ಮಗ ಅಮೆರಿಕಕ್ಕೆ ಹೋದ ಮೇಲೆ ಗುಡುಗುವುದನ್ನೂ ಬಿಟ್ಟರು.

ಈ ವರ್ಷ ಬೇಸಗೆಯಲ್ಲಿ ಕಾರನ್ನು ಕೊಳ್ಳಲು ತರುಣನೊಬ್ಬ ಬಂದನು. ಆ ಮಾದರಿಯ ತಯಾರಿಕೆ ೨೦೧೪ರಲ್ಲಿಯೇ ನಿಂತುಹೋದುದರಿಂದ, ಹಳೆಯದನ್ನು ಹುಡುಕಿಕೊಂಡು ತಿರುಗುವ ರಸಿಕರೂ ಈಗ ಇದ್ದಾರೆ. ಬೆಲೆ ಕುದುರಿತು. ಒಂದೇ ಷರತ್ತು: “ಅಂಕಲ್, ಕಾರು ಕಾರ್ಖಾನೆಯಿಂದ ಬಂದ ಹಾಗೆಯೇ ಇರಬೇಕು. ಆ ಸ್ಟಿಕರ್ ತೆಗೆಸಿಕೊಡಿ.”

ಇಷ್ಟು ವರ್ಷ ತಾವೇ ಹೇಳುತ್ತಿದ್ದ ಮಾತನ್ನು ಪರರು ಹೇಳಿದಾಗ ಹೆಡ್‌ಮಾಸ್ಟರರಿಗೆ ಅದೇಕೋ ರುಚಿಸಲಿಲ್ಲ. ಆದರೂ ಒಪ್ಪಿಕೊಂಡ ಮೇಲೆ ಕ್ಷೌರದ ಬ್ಲೇಡನ್ನು ಹಿಡಿದು ಕಾರಿನ ಮುಂದೆ ಕುಳಿತರು. ಎದುರು ರಸ್ತೆಯಲ್ಲಿ ಟಿಂಕರಿಂಗ್ ಕೆಲಸ ಮಾಡುವ ಮುದುಕ ಓಡಿಬಂದು ಕೈ ಹಿಡಿಯದಿದ್ದರೆ ಅನಾಹುತವೇ ಆಗುತ್ತಿದ್ದಿತು.

“ಬ್ಲೇಡ್ ಬೇಡಿ ಮೇಷ್ಟ್ರೇ! ಸ್ಟಿಕರ್ ಜೊತೆಗೆ ಬಣ್ಣಾನೂ ಎದ್ದು ತಗಡು ಕಾಣುತ್ತೆ.”

ಆತ ಅಂದು ಮಾಡಿದ ಪಾಠ ಯಾವ ಪಠ್ಯಪುಸ್ತಕಕ್ಕೂ ಕಡಮೆಯದಲ್ಲ. ಪಟ್ಟೆಯೆಂಬುದು ಬಳಿದ ಬಣ್ಣವಲ್ಲ. ಬೆನ್ನಿಗೆ ಅಂಟು ಸವರಿದ ವಿನೈಲ್ ಹಾಳೆ. ಹೊಸದರಲ್ಲಿ ಅದನ್ನು ಮೃದುವಾಗಿಟ್ಟಿರುವ ದ್ರವ್ಯ ವರ್ಷಗಳು ಉರುಳಿದಂತೆ ಹೊರಟುಹೋಗಿ, ಬಿಸಿಲಿಗೆ ಬೆಂದ ಹಾಳೆ ಹಪ್ಪಳದಂತಾಗುತ್ತದೆ. ತಣ್ಣಗಿರುವಾಗ ಎಳೆದರೆ ಚೂರುಚೂರಾಗಿ ಮುರಿದು ಅಂಟೆಲ್ಲ ಅಲ್ಲಿಯೇ ಉಳಿಯುತ್ತದೆ. ಬಿಸಿ ತಾಗಿದರೆ ಹಾಳೆಯೂ ಅಂಟೂ ಸಡಿಲುತ್ತವೆ. ತಲೆಗೂದಲು ಒಣಗಿಸುವ ಯಂತ್ರ ಸಾಕು. ಆದರೆ ಅದನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಬೇಕು, ತಗಡಿನ ಬಿಸಿ ಅಂಗೈ ತಾಳುವಷ್ಟೇ ಇರಬೇಕು. ಬಳಿಕ ಅಂಚನ್ನು ಉಗುರಿನಿಂದಲೋ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದಲೋ ಎಬ್ಬಿಸಿ, ಹೊರಕ್ಕೆ ಜಗ್ಗದೆ, ಹಾಳೆಯನ್ನು ಅದರ ಮೇಲೆಯೇ ಮಡಿಸಿದಂತೆ ಹಿಂದಕ್ಕೆ ನಿಧಾನವಾಗಿ ಸುಲಿಯಬೇಕು. ಕಾರ್ಖಾನೆಯಲ್ಲಿ ಕಾಯಿಸಿ ಹಿಡಿಸಿದ ಬಣ್ಣ ಗಟ್ಟಿ; ಊರಿನಲ್ಲಿ ಮರುಬಣ್ಣ ಬಳಿಸಿದ ಕಡೆ ಬಣ್ಣವೇ ಹಾಳೆಯೊಡನೆ ಕಿತ್ತು ಬರಬಹುದು. ಉಳಿದ ಅಂಟಿಗೆ ತಿನ್ನರ್ ಕೂಡದು, ಅದು ಬಣ್ಣವನ್ನೂ ಕರಗಿಸೀತು. ಬಟ್ಟೆಗೆ ಸೀಮೆಎಣ್ಣೆಯನ್ನೋ ನೀಲಗಿರಿ ಎಣ್ಣೆಯನ್ನೋ ಹಾಕಿ, ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ, ಅಂಟಿನ ಮೇಲೆ ಕೆಲವು ನಿಮಿಷ ಒತ್ತಿಟ್ಟು ಒರಸಿ, ಸೋಪಿನ ನೀರಿನಿಂದ ತೊಳೆಯಬೇಕು. ಸೀಮೆಎಣ್ಣೆ ಹೊರಗೆ ಬರುವ ಮೊದಲು ಬಿಸಿಗಾಳಿಯ ಯಂತ್ರ ಒಳಗೆ ಹೋಗಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಏಪ್ರಿಲ್ ತಿಂಗಳ ಒಂದು ಭಾನುವಾರ ಕಾರಿನ ಎಡಮಗ್ಗುಲನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸಲಾಯಿತು. ಮಡದಿ ಬಿಸಿಗಾಳಿ ಹಿಡಿದರು, ಹೆಡ್‌ಮಾಸ್ಟರರು ಸುಲಿದರು. ಅಂಗುಲ ಅಂಗುಲವಾಗಿ ಪಟ್ಟೆ ಬಿಟ್ಟುಕೊಂಡು ಬಂದಿತು. ಹಿಂದೊಮ್ಮೆ ಹಾಲಿನ ವ್ಯಾನು ಉಜ್ಜಿ ಮರುಬಣ್ಣ ಕಂಡಿದ್ದ ಬಾಗಿಲಿನ ಬಳಿ ಇಬ್ಬರೂ ಉಸಿರು ಬಿಗಿಹಿಡಿದರು. ಅಲ್ಲಿಯೂ ಬಣ್ಣ ನಿಂತಿತು. ಸೀಮೆಎಣ್ಣೆಯ ಬಟ್ಟೆ, ಸೋಪಿನ ನೀರು ಎಲ್ಲವೂ ಮುಗಿದ ಮೇಲೆ ಹೆಡ್‌ಮಾಸ್ಟರರು ಹಿಂದೆ ಸರಿದು ನೋಡಿದರೆ, ಪಟ್ಟೆ ಅಲ್ಲಿಯೇ ಇದ್ದಿತು!

ಬಿಳಿಯದಲ್ಲ, ಕೆಂಪು ಪಟ್ಟೆ. ಕಾರಿನ ಉಳಿದ ಮೈಯೆಲ್ಲ ಬಿಸಿಲುಂಡು, ಹಲವು ಸಲ ಒಗೆದ ಸೀರೆಯಂತೆ ಪೇಲವವಾಗಿದ್ದಿತು. ಹಾಳೆಯ ಮರೆಯಲ್ಲಿದ್ದ ಭಾಗದಲ್ಲಿ ಮಾತ್ರ ೧೯೯೮ರ ಕೆಂಪು ಹಾಗೆಯೇ ಹೊಳೆಯುತ್ತಿದ್ದಿತು. ಮೂರು ನಾಲಗೆಗಳೂ ಸ್ಪಷ್ಟವಾಗಿದ್ದುವು.

“ನೋಡ್ರೀ, ನಂಜನಗೂಡಿಗೆ ಹೋಗುತ್ತಿದ್ದಾಗ ಹೀಗೇ ಇತ್ತು,” ಎಂದರು ಮಡದಿ.

ಹೆಡ್‌ಮಾಸ್ಟರರು ಬಹಳ ಹೊತ್ತು ಸುಮ್ಮನಿದ್ದು, “ಅವನು ಹಾಳುಮಾಡಿದ ಅಂದುಕೊಂಡಿದ್ದ ಜಾಗ ಒಂದೇ ಹಾಳಾಗಿಲ್ಲ,” ಎಂದರು.

ಟಿಂಕರಿಂಗಿನವನು ಬಂದು ಪರೀಕ್ಷಿಸಿದನು. ಪಾಲಿಶ್ ಹಿಡಿದು ಉಜ್ಜಿದರೆ ಸುತ್ತಲಿನ ಬಣ್ಣದ ಸತ್ತ ಪದರ ಹೋಗಿ, ಹಳತಿಗೂ ಹೊಸತಿಗೂ ಇರುವ ಅಂತರ ತಗ್ಗುತ್ತದೆ; ಪೂರ್ತಿ ಅಳಿಸುವುದೆಂದು ಹೇಳಲಾಗದು. ಉಜ್ಜಿದಷ್ಟೂ ಬಣ್ಣ ಸವೆಯುತ್ತದೆ, ಅಂಚುಗಳಲ್ಲಿ ಅಡಿಬಣ್ಣ ಇಣುಕೀತು. “ಶುರುಮಾಡಲಾ ಮೇಷ್ಟ್ರೇ?” ಎಂದು ಕೇಳಿದನು.

“ಇನ್ನೊಂದು ಕಡೆಯದೂ ಬಿಡಿಸಿಯಾಗಲಿ, ಒಟ್ಟಿಗೇ ನೋಡೋಣ,” ಎಂದರು ಹೆಡ್‌ಮಾಸ್ಟರರು.

ಮರುವಾರ ಮೋಡ ಕವಿದಿದ್ದಿತು. ಅದರ ಮರುವಾರ ಮದುವೆಯೊಂದಿದ್ದಿತು. ಆಮೇಲೆ ಮಳೆಗಾಲವೇ ಬಂದಿತು. ಬಿಸಿಗಾಳಿಯ ಯಂತ್ರವಿದೆಯಲ್ಲ ಎಂದು ಮಡದಿ ನೆನಪಿಸಿದರೆ, ಬಿಸಿಲಿನ ಹದ ಅದಕ್ಕೆ ಬಾರದೆಂದು ಉತ್ತರ ದೊರೆಯಿತು. ಕೊಳ್ಳುವ ತರುಣ ಎರಡು ಸಲ ಫೋನ್ ಮಾಡಿದ್ದಾನೆ. ಮಗ ಡಿಸೆಂಬರಿನಲ್ಲಿ ಬರುವವನಿದ್ದಾನೆ. ಅದಕ್ಕೆ ಮುಂಚೆ ಮೈಸೂರಿನಲ್ಲಿ ತಕ್ಕಷ್ಟು ಬಿಸಿಲು ಬೀಳುವ ಸಂಭವವಿಲ್ಲವೆಂದು ಹೆಡ್‌ಮಾಸ್ಟರರ ಅಭಿಪ್ರಾಯ.